ನಿಂತ ಗಣಿ, ನಿಲ್ಲದ ಕೆಸರು

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ನಮ್ಮ ಹಿರಿಯರ ಮಾತು. ತಾನು ಮಾಡಿದ ಕೆಲಸದ ಫಲವನ್ನು ಮನುಷ್ಯ ತಾನೇ ಅನುಭವಿಸಬೇಕು ಎಂಬ ನ್ಯಾಯ ಈ ಗಾದೆಯಲ್ಲಿ ಅಡಗಿದೆ. ಆದರೆ ಹರಿಯುವ ನೀರಿನ ವಿಷಯದಲ್ಲಿ ಈ ನ್ಯಾಯ ಅನೇಕ ಸಲ ತಲೆಕೆಳಗಾಗುತ್ತದೆ. ನದಿಯ ಮೇಲ್ಭಾಗದಲ್ಲಿ ಸುರಿದವನು ಒಬ್ಬ, ಕೆಳಭಾಗದಲ್ಲಿ ಉಣ್ಣುವವನು ಇನ್ನೊಬ್ಬ. ಕೆಲವೊಮ್ಮೆ ಸುರಿದವನು ಸತ್ತು ಮಣ್ಣಾಗಿ ನಾಲ್ಕೈದು ತಲೆಮಾರುಗಳು ಕಳೆದ ಮೇಲೆ ಉಣ್ಣಬೇಕಾದವರು ಹುಟ್ಟುತ್ತಾರೆ. ಇದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ನದಿಗಳ ಚರಿತ್ರೆ ಒಂದು ಸ್ಪಷ್ಟ ನಿದರ್ಶನ.

ಆ ರಾಜ್ಯದ ಪೂರ್ವದಲ್ಲಿ ಸಿಯೆರಾ ನೆವಾಡ ಎಂಬ ಪರ್ವತಶ್ರೇಣಿ ಇದೆ. ‘ಹಿಮ ಹೊದ್ದ ಪರ್ವತಸಾಲು’ ಎಂಬುದು ಆ ಸ್ಪ್ಯಾನಿಷ್ ಹೆಸರಿನ ಅರ್ಥ. ಅಲ್ಲಿ ಹುಟ್ಟುವ ಯೂಬಾ ಮತ್ತು ಬೇರ್ ನದಿಗಳು ಪಶ್ಚಿಮಕ್ಕೆ ಇಳಿದು ಫೆದರ್ ನದಿಯನ್ನು ಸೇರುತ್ತವೆ. ಫೆದರ್ ನದಿ ಸ್ಯಾಕ್ರಮೆಂಟೊ ನದಿಯನ್ನು ಸೇರುತ್ತದೆ. ಸ್ಯಾಕ್ರಮೆಂಟೊ ನದಿಯು ವಿಶಾಲವಾದ ಜವುಗು ನೆಲವನ್ನು ದಾಟಿ, ಸೂಸೂನ್, ಸ್ಯಾನ್ ಪಾಬ್ಲೊ, ಸ್ಯಾನ್ ಫ್ರಾನ್ಸಿಸ್ಕೊ ಎಂಬ ಮೂರು ಕೊಲ್ಲಿಗಳನ್ನು ಒಂದರ ಅನಂತರ ಒಂದರಂತೆ ಹಾದು, ಗೋಲ್ಡನ್ ಗೇಟ್ ಎಂಬ ಕಿರಿದಾದ ಕಡಲಬಾಗಿಲಿನ ಮೂಲಕ ಶಾಂತಸಾಗರವನ್ನು ಕೂಡುತ್ತದೆ. ಈ ದಾರಿಯ ಹೆಸರುಗಳನ್ನು ನಮ್ಮ ಓದುಗರು ಗಮನಿಸದೆ ಇರಲಾರರು. ಸ್ಪೇನ್ ದೇಶದವರು ನದಿಗೆ ಇಟ್ಟದ್ದು ಪರಮಪ್ರಸಾದದ ಹೆಸರು. ಕೊಲ್ಲಿಗಳಲ್ಲಿ ಒಂದಕ್ಕೆ ಸಂತ ಪೌಲರ ಹೆಸರು, ಇನ್ನೊಂದಕ್ಕೆ ಸೃಷ್ಟಿಯನ್ನೆಲ್ಲ ಸೋದರಸೋದರಿಯರೆಂದು ಕರೆದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರು. ಇಂಥ ಹೆಸರುಗಳನ್ನು ಹೊತ್ತ ನೀರಿಗೆ ಬಂದೊದಗಿದ ಗತಿಯೇ ಈ ಲೇಖನದ ವಸ್ತು.

ಬೆಟ್ಟವನ್ನು ತೊಳೆದ ನೀರು

1848ರ ಜನವರಿ 24ರಂದು ಅಮೆರಿಕನ್ ನದಿಯ ದಡದ ಕೊಲೊಮಾ ಎಂಬಲ್ಲಿ, ಮರ ಕೊಯ್ಯುವ ಕಾರ್ಖಾನೆಯೊಂದರ ನೀರಿನ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬವನಿಗೆ ಚಿನ್ನದ ಕಣಗಳು ಕಂಡವು. ಸುದ್ದಿ ಹರಡಿದ್ದೇ ತಡ, ಜಗತ್ತಿನ ನಾನಾ ಕಡೆಗಳಿಂದ ಜನರು ಅಲ್ಲಿಗೆ ಧಾವಿಸಿದರು. ಆ ಬೆಟ್ಟಗಳಲ್ಲಿ ತಲೆತಲಾಂತರದಿಂದ ನೆಲೆಸಿದ್ದ ನಿಸೆನಾನ್ ಮೊದಲಾದ ಮೂಲನಿವಾಸಿಗಳ ಬದುಕು ಕೆಲವೇ ವರ್ಷಗಳಲ್ಲಿ ಛಿದ್ರವಾಯಿತು. ಮೊದಮೊದಲು ಬಂದವರು ಹೊಳೆಯ ಮರಳನ್ನು ಬಾಣಲೆಯಂಥ ಪಾತ್ರೆಯಲ್ಲಿ ತೊಳೆದು ಚಿನ್ನವನ್ನು ಆರಿಸುತ್ತಿದ್ದರು. ಸುಲಭವಾಗಿ ಸಿಗುವ ಚಿನ್ನ ಬೇಗನೆ ಮುಗಿಯಿತು. ಉಳಿದದ್ದು ಬೆಟ್ಟಗಳ ಮೈಯೊಳಗೆ ಹುದುಗಿದ್ದ, ಕೋಟ್ಯಂತರ ವರ್ಷಗಳ ಹಿಂದಿನ ನದಿಗಳು ಬಿಟ್ಟುಹೋದ ಬೆಣಚುಕಲ್ಲು ಮತ್ತು ಮಣ್ಣಿನ ದಪ್ಪ ಪದರಗಳಲ್ಲಿತ್ತು. ಅದನ್ನು ಗುದ್ದಲಿಯಿಂದ ಅಗೆದು ತೊಳೆಯುವುದು ಲಾಭದ ಕೆಲಸವಾಗಿರಲಿಲ್ಲ.

1853ರಲ್ಲಿ ನೆವಾಡ ಸಿಟಿ ಎಂಬ ಗಣಿಪಟ್ಟಣದ ಬಳಿ ಎಡ್ವರ್ಡ್ ಮ್ಯಾಟಿಸನ್ ಎಂಬವನು ಒಂದು ಉಪಾಯ ಕಂಡುಹಿಡಿದನು. ಎತ್ತರದಿಂದ ಇಳಿಯುವ ನೀರನ್ನು ಕ್ಯಾನ್ವಾಸ್ ಬಟ್ಟೆಯ ಕೊಳವೆಯಲ್ಲಿ ಹಾಯಿಸಿ, ಅದರ ತುದಿಗೆ ಕಿರಿದಾದ ಲೋಹದ ಮೂತಿಯನ್ನು ಜೋಡಿಸಿ, ಬೆಟ್ಟದ ಮೈಗೆ ನೇರವಾಗಿ ಚಿಮ್ಮಿಸಿದನು. ನೀರಿನ ಹೊಡೆತಕ್ಕೆ ಮಣ್ಣು ಕುಸಿದು ಹರಿಯತೊಡಗಿತು. ಮುಂದೆ ಬಟ್ಟೆಯ ಕೊಳವೆ ಹೋಗಿ ಕಬ್ಬಿಣದ ಕೊಳವೆ ಬಂದಿತು. ಫಿರಂಗಿಯಂತೆ ತಿರುಗುವ ‘ಮಾನಿಟರ್’ ಎಂಬ ದೈತ್ಯ ಮೂತಿಗಳು ಬಂದವು. ಅವುಗಳಿಗೆ ನೀರು ಒದಗಿಸಲು ಬೆಟ್ಟಗಳ ಮೇಲೆ ಜಲಾಶಯಗಳನ್ನು ಕಟ್ಟಿ, ಸಾವಿರಾರು ಕಿಲೋಮೀಟರ್ ಕಾಲುವೆಗಳನ್ನು ತೋಡಿದರು. ನೂರು ಜನರು ವಾರಗಟ್ಟಲೆ ಅಗೆಯುವಷ್ಟು ಮಣ್ಣನ್ನು ಕೆಲವೇ ಜನರು ಒಂದು ದಿನದಲ್ಲಿ ಕರಗಿಸಬಹುದಾಯಿತು.

ಇಂಥ ಗಣಿಗಳಲ್ಲಿ ಅತಿ ದೊಡ್ಡದು ನಾರ್ತ್ ಬ್ಲೂಮ್‌ಫೀಲ್ಡ್ ಕಂಪನಿಯ ಮಲಕಾಫ್ ಗಣಿ. ಅಲ್ಲಿ ನೀರಿನಿಂದಲೇ ಕೊರೆದ ಹಳ್ಳ ಸುಮಾರು 2 ಕಿಲೋಮೀಟರ್ ಉದ್ದ ಮತ್ತು 180 ಮೀಟರ್ ಆಳವಾಗಿತ್ತು. ತೊಳೆದ ಮಣ್ಣು ಹೊರಗೆ ಹರಿದುಹೋಗಲೆಂದು ಬಂಡೆಯನ್ನು ಕೊರೆದು ಸುಮಾರು 2.4 ಕಿಲೋಮೀಟರ್ ಉದ್ದದ ಸುರಂಗವನ್ನು 1874ರಲ್ಲಿ ಪೂರ್ಣಗೊಳಿಸಿದರು. ಸುರಂಗದ ಬಾಯಿ ತೆರೆದದ್ದು ಯೂಬಾ ನದಿಯ ಕಣಿವೆಯ ಕಡೆಗೆ. ಚಿನ್ನ ಕಂಪನಿಗೆ ಉಳಿಯಿತು. ಬೆಟ್ಟ ನದಿಯ ಪಾಲಾಯಿತು.

ನದಿಯೆಂಬ ಮೊರ

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನದಿ ಮಣ್ಣನ್ನು ಹೊತ್ತೊಯ್ಯುವುದು ಅದರ ಸಹಜ ಧರ್ಮ. ಲೋಕದ ಫಲವತ್ತಾದ ಬಯಲುಗಳೆಲ್ಲ ಹೀಗೆ ಬಂದ ಮೆಕ್ಕಲು ಮಣ್ಣಿನ ಕೊಡುಗೆಗಳೇ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ತೆಗೆದು ಗದ್ದೆಗೆ ಹಾಕುವ ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೇಡು ಹುಟ್ಟುವುದು ನದಿ ಹೊರಬಲ್ಲದ್ದಕ್ಕಿಂತ ಹೆಚ್ಚಿನ ಹೊರೆಯನ್ನು ಅದರ ಮೇಲೆ ಹೇರಿದಾಗ, ಮತ್ತು ಆ ಹೊರೆಯಲ್ಲಿ ವಿಷ ಬೆರೆತಾಗ. ಕ್ಯಾಲಿಫೋರ್ನಿಯದಲ್ಲಿ ಎರಡೂ ಸಂಭವಿಸಿದವು.

ಹರಿಯುವ ನೀರು ಮಣ್ಣನ್ನು ಸಾಗಿಸುವ ರೀತಿಯನ್ನು ಮೊರದಲ್ಲಿ ಕೇರುವುದಕ್ಕೆ ಹೋಲಿಸಬಹುದು. ಕೇರುವಾಗ ಕಲ್ಲು ಒಂದು ಕಡೆಗೆ, ಕಾಳು ಒಂದು ಕಡೆಗೆ, ಹೊಟ್ಟು ದೂರಕ್ಕೆ ಹೋಗುವಂತೆ, ನದಿಯೂ ತನ್ನ ಹೊರೆಯನ್ನು ಬೇರ್ಪಡಿಸುತ್ತದೆ. ದಪ್ಪ ಕಲ್ಲುಗಳು ತಳದಲ್ಲಿ ಉರುಳಿ, ಹೊಳೆ ಬೆಟ್ಟದಿಂದ ಬಯಲಿಗೆ ಇಳಿಯುವ ಕಡೆಯಲ್ಲೇ ಬೀಡುಬಿಡುತ್ತವೆ. ಮರಳು ಪ್ರವಾಹ ಬಂದಾಗ ಜಿಗಿಜಿಗಿದು ಮುಂದೆ ಹೋಗಿ, ಪ್ರವಾಹ ಇಳಿದಾಗ ನಿಲ್ಲುತ್ತದೆ. ಹಿಟ್ಟಿನಂಥ ನಯವಾದ ಜೇಡಿ ಮಾತ್ರ ನೀರಿನಲ್ಲಿ ತೇಲುತ್ತ ನೇರವಾಗಿ ಕಡಲಿನತ್ತ ಸಾಗುತ್ತದೆ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿಗೆ ಬೆರೆತಾಗ ಈ ನಯವಾದ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ಕೊಲ್ಲಿಯ ತಳಕ್ಕೆ ಇಳಿಯುತ್ತವೆ. ಅಲ್ಲಿಯೂ ಅವುಗಳಿಗೆ ವಿಶ್ರಾಂತಿ ಇಲ್ಲ. ಭರತ ಇಳಿತಗಳೂ ಗಾಳಿಯ ಅಲೆಗಳೂ ಅವುಗಳನ್ನು ಮತ್ತೆ ಮತ್ತೆ ಕದಡಿ ಎಬ್ಬಿಸುತ್ತವೆ.

ಆದ್ದರಿಂದ ಗಣಿಯ ಮಣ್ಣು ಒಂದೇ ಬಾರಿಗೆ ಕಡಲು ಸೇರಲಿಲ್ಲ. ಕೆಲವು ಕಣಗಳು ಕೆಲವೇ ದಿನಗಳಲ್ಲಿ ಕೊಲ್ಲಿಯನ್ನು ಮುಟ್ಟಿದವು. ಕೆಲವಕ್ಕೆ ದಶಕಗಳು ಬೇಕಾದವು. ಕೆಲವು ಇನ್ನೂ ದಾರಿಯಲ್ಲಿಯೇ ಇವೆ.

ಮೇರಿಸ್ವಿಲ್‌ನ ಅಳಲು

ಯೂಬಾ ನದಿ ಫೆದರ್ ನದಿಯನ್ನು ಕೂಡುವ ಸ್ಥಳದಲ್ಲಿ ಮೇರಿಸ್ವಿಲ್ ಎಂಬ ಪಟ್ಟಣವಿದೆ. ಚಿನ್ನದ ಗಣಿಗಳಿಗೆ ಸರಕು ಒದಗಿಸುತ್ತಲೇ ಅದು ಬೆಳೆಯಿತು. ಅದರ ಸುತ್ತಣ ಬಯಲಿನಲ್ಲಿ ಗೋಧಿಯ ಹೊಲಗಳೂ ಹಣ್ಣಿನ ತೋಟಗಳೂ ಇದ್ದವು. ಗಣಿಗಳ ಮಣ್ಣು ಇಳಿದುಬಂದಂತೆ ಯೂಬಾದ ತಳ ವರ್ಷವರ್ಷಕ್ಕೆ ಮೇಲೇರಿತು. ದೋಣಿ ಸಂಚಾರಕ್ಕೆ ಅಡ್ಡಿಯಾಯಿತು. ನದಿಯ ದಡದ ಸಾವಿರಾರು ಎಕರೆ ಒಳ್ಳೆಯ ನೆಲ ಬೆಣಚುಕಲ್ಲು ಮರಳಿನ ಅಡಿಯಲ್ಲಿ ಹೂತುಹೋಯಿತು. ಪಟ್ಟಣದವರು ಸುತ್ತಲೂ ಮಣ್ಣಿನ ಒಡ್ಡು ಕಟ್ಟಿಕೊಂಡರು. ನದಿಯ ತಳ ಏರಿದಂತೆಲ್ಲ ಒಡ್ಡನ್ನೂ ಏರಿಸಬೇಕಾಯಿತು. ಕೊನೆಗೆ ನದಿಯ ತಳವೇ ಪಟ್ಟಣದ ಬೀದಿಗಳ ಮಟ್ಟಕ್ಕೆ ಬಂದಿತು. 1875ರ ಜನವರಿಯಲ್ಲಿ ಒಡ್ಡು ಒಡೆದು, ನೀರು ಮತ್ತು ಕೆಸರು ಪಟ್ಟಣಕ್ಕೆ ನುಗ್ಗಿದವು.

ಹಾನಿಗೆ ಕಾರಣ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಹೊಣೆ ಹೊರಿಸುವುದು ಸುಲಭವಾಗಿರಲಿಲ್ಲ. ಗಣಿಗಳು ನೂರಾರು. ಇದು ನನ್ನ ಗಣಿಯ ಮಣ್ಣು, ಅದು ಅವನ ಗಣಿಯ ಮಣ್ಣು ಎಂದು ಕಣಗಳನ್ನು ಗುರುತಿಸುವವರು ಯಾರು? ಎಲ್ಲರೂ ಸೇರಿ ಮಾಡಿದ ಕೆಡುಕಿಗೆ ಯಾರೊಬ್ಬರೂ ಹೊಣೆಯಲ್ಲ ಎಂಬ ವಾದ ಹುಟ್ಟುವುದು ಹೀಗೆ. ಇನ್ನೊಂದು ಕಡೆ, ಗಣಿಯವರ ಅಂಜಿಕೆಯನ್ನೂ ಅಲ್ಲಗಳೆಯುವಂತಿರಲಿಲ್ಲ. ಗಣಿ ಮುಚ್ಚಿದರೆ ಬೆಟ್ಟದ ಊರುಗಳ ಸಾವಿರಾರು ಸಂಸಾರಗಳ ಅನ್ನವೇ ಹೋಗುತ್ತಿತ್ತು.

1878ರಲ್ಲಿ ಬಯಲಿನ ರೈತರು ಸಂಘ ಕಟ್ಟಿಕೊಂಡರು. 1882ರಲ್ಲಿ ಮೇರಿಸ್ವಿಲ್‌ನಲ್ಲಿ ಆಸ್ತಿ ಹೊಂದಿದ್ದ ಎಡ್ವರ್ಡ್ಸ್ ವುಡ್ರಫ್ ಎಂಬವರು ನಾರ್ತ್ ಬ್ಲೂಮ್‌ಫೀಲ್ಡ್ ಕಂಪನಿ ಮತ್ತು ಇತರ ಗಣಿಗಳ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ವಿಚಾರಣೆ ನಡೆಸಿದ ನ್ಯಾಯಾಧೀಶ ಲೊರೆಂಜೊ ಸಾಯರ್ ತಾವೇ 1850ರಲ್ಲಿ, ಚಿನ್ನದ ಹುಡುಕಾಟದ ದಿನಗಳಲ್ಲಿ, ಕ್ಯಾಲಿಫೋರ್ನಿಯಕ್ಕೆ ಬಂದವರು. ಸಾವಿರಾರು ಪುಟಗಳ ಸಾಕ್ಷ್ಯವನ್ನು ಪರಿಶೀಲಿಸಿ, 1884ರ ಜನವರಿ 7ರಂದು ಅವರು ತೀರ್ಪು ನೀಡಿದರು. ಗಣಿಗಾರಿಕೆಯನ್ನೇ ಅವರು ನಿಷೇಧಿಸಲಿಲ್ಲ. ಗಣಿಯ ಮಣ್ಣನ್ನು ನದಿಗಳಿಗೆ ಬಿಡುವುದಕ್ಕೆ ಶಾಶ್ವತ ತಡೆಯಾಜ್ಞೆ ವಿಧಿಸಿದರು. ಮಣ್ಣನ್ನು ಬಿಡದೆ ಆ ಗಣಿಗಳು ನಡೆಯುವಂತಿರಲಿಲ್ಲವಾದ್ದರಿಂದ, ಅವುಗಳ ಕಾಲ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಪರಿಸರಕ್ಕೆ ಸಂಬಂಧಿಸಿದ ಅಮೆರಿಕದ ಮೊದಮೊದಲ ಮಹತ್ವದ ತೀರ್ಪುಗಳಲ್ಲಿ ಇದೂ ಒಂದೆಂದು ಇತಿಹಾಸಕಾರರು ಗಣಿಸುತ್ತಾರೆ. ಬಯಲಿನಲ್ಲಿ ಸಂಭ್ರಮ, ಬೆಟ್ಟದ ಊರುಗಳಲ್ಲಿ ಶೋಕ.

ತೀರ್ಪಿನ ಅನಂತರವೂ ಏರಿದ ನದಿ

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ನ್ಯಾಯಕ್ಕೆ ಸಂದ ಜಯದ ಕಥೆಯಾಗುತ್ತಿತ್ತು. ಆದರೆ ನ್ಯಾಯಾಲಯದ ಆಜ್ಞೆ ಮನುಷ್ಯರಿಗೆ ತಲಪುತ್ತದೆ; ನದಿಯೊಳಗೆ ಈಗಾಗಲೇ ಇಳಿದ ಮಣ್ಣಿಗೆ ಅದು ತಲಪುವುದಿಲ್ಲ.

ಗಣಿಗಾರಿಕೆಯನ್ನು ಮತ್ತೆ ಆರಂಭಿಸಲು ಸಾಧ್ಯವೇ ಎಂದು ಗಣಿಯವರು ಸರ್ಕಾರವನ್ನು ಕೇಳಿಕೊಂಡಾಗ, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಇಲಾಖೆ ಗ್ರೋವ್ ಕಾರ್ಲ್ ಗಿಲ್ಬರ್ಟ್ ಎಂಬ ಹಿರಿಯ ವಿಜ್ಞಾನಿಯನ್ನು ಈ ಅಧ್ಯಯನಕ್ಕೆ ನೇಮಿಸಿತು. 1905ರಲ್ಲಿ ಕೆಲಸ ಆರಂಭಿಸಿದ ಗಿಲ್ಬರ್ಟ್ ಬೆಟ್ಟದ ಹಳ್ಳಗಳನ್ನು ಅಳೆದರು, ನದಿಗಳ ತಳವನ್ನು ಅಳೆದರು, ಕೊಲ್ಲಿಗಳ ಹಳೆಯ ನಕ್ಷೆಗಳನ್ನು ಹೊಸ ನಕ್ಷೆಗಳೊಂದಿಗೆ ಹೋಲಿಸಿದರು. ಬರ್ಕ್ಲಿಯಲ್ಲಿ ಮರದ ಕಾಲುವೆಗಳನ್ನು ನಿರ್ಮಿಸಿ, ಎಷ್ಟು ನೀರು ಎಷ್ಟು ಇಳಿಜಾರಿನಲ್ಲಿ ಎಷ್ಟು ಮರಳನ್ನು ಸಾಗಿಸುತ್ತದೆ ಎಂಬುದನ್ನು ಪ್ರಯೋಗಗಳಿಂದ ಕಂಡುಕೊಂಡರು. ಅವರ ವರದಿ 1917ರಲ್ಲಿ ಪ್ರಕಟವಾಯಿತು. ಹರಿಯುವ ನೀರು ಮಣ್ಣನ್ನು ಸಾಗಿಸುವ ಬಗೆಯನ್ನು ಅರಿಯಲು ಬಯಸುವವರು ಇಂದಿಗೂ ಆ ವರದಿಯತ್ತ ಮರಳುತ್ತಾರೆ.

ಗಿಲ್ಬರ್ಟರ ಲೆಕ್ಕದ ಪ್ರಕಾರ ಈ ಗಣಿಗಳು ನದಿಗಳಿಗೆ ಬಿಟ್ಟ ಮಣ್ಣು ಸುಮಾರು ನೂರು ಕೋಟಿ ಘನ ಮೀಟರ್. ಅದರಲ್ಲಿ ಅರ್ಧದಷ್ಟು ಯೂಬಾ ನದಿಯೊಂದಕ್ಕೇ ಬಿದ್ದಿತು. 1914ರಲ್ಲಿ ತೆರೆದ ಪನಾಮ ಕಾಲುವೆಗಾಗಿ ಅಗೆದ ಮಣ್ಣಿಗಿಂತ ಇದು ಸುಮಾರು ಎಂಟು ಪಟ್ಟು ಎಂದು ಅವರೇ ಹೋಲಿಸಿ ತೋರಿಸಿದರು.

ಅವರ ಮುಖ್ಯವಾದ ಕಾಣ್ಕೆ ಇನ್ನೊಂದಿತ್ತು. ಪ್ರವಾಹದ ನೀರು ಒಂದು ಅಲೆಯಂತೆ ಮೇಲಿನಿಂದ ಕೆಳಕ್ಕೆ ಸಾಗುವ ಹಾಗೆ, ಮಣ್ಣೂ ಒಂದು ಅಲೆಯಾಗಿ ಸಾಗುತ್ತದೆ. ಆದರೆ ಗಂಟೆಗಳ ಬದಲು ದಶಕಗಳನ್ನು ತೆಗೆದುಕೊಳ್ಳುತ್ತದೆ. ಮೇರಿಸ್ವಿಲ್ ಬಳಿ ಯೂಬಾದ ತಳ ಅತಿ ಎತ್ತರಕ್ಕೆ ಏರಿದ್ದು 1905ರ ಸುಮಾರಿಗೆ, ಅಂದರೆ ತೀರ್ಪು ಬಂದು 21 ವರ್ಷಗಳ ಅನಂತರ. ಗಣಿಗಳಿಂದ ಮಣ್ಣು ಬರುವುದು ನಿಂತಮೇಲೂ, ಬೆಟ್ಟದ ಕಣಿವೆಗಳಲ್ಲಿ ಅದುವರೆಗೆ ತಂಗಿದ್ದ ಮಣ್ಣು ಇಳಿಯುತ್ತಲೇ ಇತ್ತು. ನ್ಯಾಯ ಸಿಕ್ಕಿತೆಂದು 1884ರಲ್ಲಿ ಹಿಗ್ಗಿದ ರೈತನ ಮಗನೂ ಒಡ್ಡನ್ನು ಏರಿಸುತ್ತಲೇ ಇರಬೇಕಾಯಿತು. 1917ರಲ್ಲಿ ಅಮೆರಿಕದ ಕಾಂಗ್ರೆಸ್ ಸ್ಯಾಕ್ರಮೆಂಟೊ ಕಣಿವೆಯ ಪ್ರವಾಹ ನಿಯಂತ್ರಣ ಯೋಜನೆಗೆ ಅನುಮತಿ ನೀಡಿತು. ಚಿನ್ನದ ಲಾಭ ಕೆಲವರದ್ದಾಗಿತ್ತು. ಒಡ್ಡುಗಳ ವೆಚ್ಚ ಸಮಸ್ತ ಪ್ರಜೆಗಳದ್ದಾಯಿತು.

ಕೆಲವು ದಶಕಗಳಲ್ಲಿ ಅಲೆ ದಾಟಿಹೋಗಿ ನದಿ ಹಳೆಯ ಮಟ್ಟಕ್ಕೆ ಮರಳುವುದೆಂಬ ನಿರೀಕ್ಷೆ ಗಿಲ್ಬರ್ಟರಿಗಿತ್ತು. ನದಿಯ ನಡುವಿನ ಪಾತ್ರ ಆಳವಾದದ್ದು ನಿಜ. ಆದರೆ 1980ರ ದಶಕದಿಂದ ಅಲನ್ ಜೇಮ್ಸ್ ಎಂಬ ಭೂಗೋಳ ವಿಜ್ಞಾನಿ ಬೇರ್ ನದಿಯ ಕಣಿವೆಗಳನ್ನು ಪರಿಶೀಲಿಸಿ, ಗಣಿಯ ಮಣ್ಣಿನ ದೊಡ್ಡ ಪಾಲು ಇನ್ನೂ ದಡಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಉಳಿದಿದೆಯೆಂದು ತೋರಿಸಿಕೊಟ್ಟರು. ಅಲೆಯ ತಲೆ ದಾಟಿಹೋಗಿತ್ತು. ಅದರ ಬಾಲ ಬಹಳ ಉದ್ದವಾಗಿತ್ತು.

ಕಣ್ಣಿಗೆ ಕಾಣದ ಹೊರೆ

ಇಷ್ಟು ಕಾಣುವ ಮಣ್ಣಿನ ಮಾತು. ಅದರೊಂದಿಗೆ ಕಾಣದ ಒಂದು ವಸ್ತುವೂ ಪಯಣಿಸುತ್ತಿತ್ತು. ಅದು ಪಾದರಸ.

ಚಿನ್ನದ ನಯವಾದ ಕಣಗಳನ್ನು ಹಿಡಿಯಲು ಪಾದರಸಕ್ಕಿಂತ ಸುಲಭವಾದ ಸಾಧನವಿಲ್ಲ. ಮಣ್ಣುನೀರು ಹರಿಯುವ ಉದ್ದನೆಯ ಮರದ ಕಾಲುವೆಗಳ ತಳದಲ್ಲಿ ಪಾದರಸವನ್ನು ಸುರಿದರೆ, ಚಿನ್ನ ಅದಕ್ಕೆ ಅಂಟಿಕೊಳ್ಳುತ್ತದೆ. ಅನಂತರ ಕಾಯಿಸಿ ಬೇರ್ಪಡಿಸಬಹುದು. ಬೇಕಾದ ಪಾದರಸ ಹತ್ತಿರದಲ್ಲಿಯೇ ದೊರೆಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣದ ಬೆಟ್ಟಗಳಲ್ಲಿ ಓಲೋನಿ ಮೂಲನಿವಾಸಿಗಳು ಬಣ್ಣಕ್ಕಾಗಿ ಬಳಸುತ್ತಿದ್ದ ಕೆಂಪು ಅದಿರು ಪಾದರಸದ್ದೆಂದು 1845ರಲ್ಲಿ ಮೆಕ್ಸಿಕೊದ ಸೇನಾಧಿಕಾರಿ ಆಂದ್ರೆಸ್ ಕಾಸ್ತಿಯೆರೊ ಗುರುತಿಸಿದ್ದನು. ಅಲ್ಲಿ ತೆರೆದ ನ್ಯೂ ಅಲ್ಮಡೆನ್ ಗಣಿ ಚಿನ್ನದ ಗಣಿಗಳಿಗೆಲ್ಲ ಪಾದರಸ ಒದಗಿಸಿತು.

ಆದರೆ ರಭಸದ ನೀರೂ ಉರುಳುವ ಕಲ್ಲುಗಳೂ ಪಾದರಸವನ್ನು ಹಿಟ್ಟಿನಂತೆ ಒಡೆದು ಹೊತ್ತೊಯ್ಯುತ್ತಿದ್ದವು. ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳು ಬಳಸಿದ ಪಾದರಸ ಸುಮಾರು 12,000 ಟನ್. ಅದರಲ್ಲಿ ಪರಿಸರಕ್ಕೆ ಸೋರಿಹೋದದ್ದು ಸುಮಾರು 4,500 ಟನ್ ಎಂದು ಭೂವೈಜ್ಞಾನಿಕ ಸಮೀಕ್ಷಾ ಇಲಾಖೆ ಅಂದಾಜು ಮಾಡಿದೆ. ಪಾದರಸ ನಯವಾದ ಜೇಡಿಯ ಕಣಗಳಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಜೇಡಿ ಹೋದಲ್ಲೆಲ್ಲ ಅದೂ ಹೋಯಿತು: ನದಿಯ ದಡಕ್ಕೆ, ಜವುಗಿಗೆ, ಕೊಲ್ಲಿಯ ತಳಕ್ಕೆ.

ಗಾಳಿ ಸುಳಿಯದ ಕೆಸರಿನಲ್ಲಿ ವಾಸಿಸುವ ಕೆಲವು ಸೂಕ್ಷ್ಮಜೀವಿಗಳು ಈ ಪಾದರಸವನ್ನು ಮಿಥೈಲ್ ಪಾದರಸ ಎಂಬ ರೂಪಕ್ಕೆ ಬದಲಿಸುತ್ತವೆ. ಜೀವಿಗಳ ಮೈಗೆ ಸುಲಭವಾಗಿ ಸೇರುವ, ಸುಲಭವಾಗಿ ಹೊರಹೋಗದ ರೂಪ ಅದು. ನೀರಿನ ಪಾಚಿಕಣಗಳಿಂದ ಸಣ್ಣ ಹುಳುಗಳಿಗೆ, ಅವುಗಳಿಂದ ಕಿರುಮೀನಿಗೆ, ಕಿರುಮೀನಿನಿಂದ ದೊಡ್ಡ ಮೀನಿಗೆ ಅದು ಏರುತ್ತ ಪ್ರತಿ ಹಂತದಲ್ಲೂ ಹೆಚ್ಚುತ್ತದೆ. ಗರ್ಭದಲ್ಲಿರುವ ಶಿಶುವಿನ ಮಿದುಳು ಮತ್ತು ನರಗಳ ಬೆಳವಣಿಗೆಗೆ ಅದು ಅಪಾಯಕಾರಿ. ಆದ್ದರಿಂದಲೇ ಗರ್ಭಧಾರಣೆಯ ವಯಸ್ಸಿನ ಸ್ತ್ರೀಯರೂ ಮಕ್ಕಳೂ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಶಾರ್ಕ್, ಸ್ಟ್ರೈಪ್ಡ್ ಬಾಸ್ ಮೊದಲಾದ ಮೀನುಗಳನ್ನು ತಿನ್ನಬಾರದೆಂದು ರಾಜ್ಯದ ಆರೋಗ್ಯ ಇಲಾಖೆಗಳು ಎಚ್ಚರಿಕೆ ನೀಡುತ್ತಿವೆ. ಅಂಗಡಿಯಲ್ಲಿ ಮೀನು ಕೊಳ್ಳಬಲ್ಲವರಿಗೆ ಈ ಎಚ್ಚರಿಕೆ ದೊಡ್ಡ ಭಾರವಲ್ಲ. ಕೊಲ್ಲಿಯ ದಡದಲ್ಲಿ ಗಾಳ ಹಾಕಿ, ಸಿಕ್ಕಿದ್ದನ್ನು ಮನೆಗೆ ಒಯ್ದು ಮಕ್ಕಳಿಗೆ ಬಡಿಸುವ ಬಡ ಸಂಸಾರಗಳಿಗೆ ಅದು ಭಾರ. ನೂರೈವತ್ತು ವರ್ಷಗಳ ಹಿಂದೆ ಯಾರೋ ಚಿನ್ನ ತೊಳೆದ ನೀರಿಗೆ ಇಂದು ಬೆಲೆ ತೆರುತ್ತಿರುವವರು ಚಿನ್ನವನ್ನು ಕಾಣದ ಜನ.

ಕೊಲ್ಲಿ ತಿಳಿಯಾದ ವರ್ಷ

ಮಣ್ಣಿನ ಅಲೆ ಕೊನೆಗೂ ಕೊಲ್ಲಿಯಲ್ಲಿ ಇಳಿಮುಖವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೂಳು ತುಂಬಿ ಆಳ ಕಳೆದುಕೊಂಡಿದ್ದ ಸ್ಯಾನ್ ಪಾಬ್ಲೊ ಕೊಲ್ಲಿಯ ತಳ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸವೆಯತೊಡಗಿತು. ನದಿಗಳ ಮೇಲೆ ಕಟ್ಟಿದ ಅಣೆಕಟ್ಟುಗಳು ಹೊಸ ಮಣ್ಣನ್ನು ತಡೆದವು. ಹಳೆಯ ಮಣ್ಣು ಮೆಲ್ಲನೆ ತೀರುತ್ತ ಬಂದಿತು. ಅದೇ ಸಮೀಕ್ಷಾ ಇಲಾಖೆಯ ಡೇವಿಡ್ ಶೋಲ್‌ಹ್ಯಾಮರ್ 2011ರಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. 1999ರಲ್ಲಿ ಕೊಲ್ಲಿಯ ನೀರು ತಟ್ಟನೆ ತಿಳಿಯಾಗಿತ್ತು. 1991ರಿಂದ 1998ರವರೆಗಿನ ಸರಾಸರಿಗೆ ಹೋಲಿಸಿದರೆ, 1999ರಿಂದ 2007ರವರೆಗೆ ನೀರಿನಲ್ಲಿ ತೇಲುವ ಮಣ್ಣು ಶೇಕಡಾ 36ರಷ್ಟು ಕಡಿಮೆಯಾಗಿತ್ತು. ಅಲೆಗಳು ಕದಡಿ ಎಬ್ಬಿಸಬಹುದಾಗಿದ್ದ ಹಳೆಯ ಹೂಳಿನ ಸಂಗ್ರಹ ಬರಿದಾದದ್ದೇ ಇದಕ್ಕೆ ಕಾರಣವಿರಬೇಕೆಂದು ಅವರು ವಿವರಿಸಿದರು. ತೀರ್ಪು ಬಂದದ್ದು 1884ರಲ್ಲಿ. ನೀರು ತಿಳಿಯಾದದ್ದು 115 ವರ್ಷಗಳ ಅನಂತರ.

ತಿಳಿನೀರು ಕಂಡು ಹಿಗ್ಗುವಂತೆಯೂ ಇಲ್ಲ. ಕೊಲ್ಲಿಯ ಅಂಚಿನ ಜವುಗು ನೆಲಗಳು ಸಮುದ್ರದ ಅಲೆಗಳಿಂದ ದಡವನ್ನು ಕಾಯುತ್ತವೆ, ಹಕ್ಕಿ ಮೀನುಗಳಿಗೆ ಆಶ್ರಯ ನೀಡುತ್ತವೆ. ಮನುಷ್ಯರು ಉಪ್ಪಿನ ಮಡಿಗಳಿಗಾಗಿ ಕಸಿದುಕೊಂಡ ಜವುಗುಗಳನ್ನು ಮರಳಿ ಬದುಕಿಸುವ ದೊಡ್ಡ ಕೆಲಸ 2003ರಿಂದ ಅಲ್ಲಿ ನಡೆದಿದೆ. ಏರುತ್ತಿರುವ ಕಡಲಿನೊಂದಿಗೆ ಜವುಗು ನೆಲವೂ ಏರಬೇಕಾದರೆ ಅದಕ್ಕೆ ಮಣ್ಣು ಬೇಕು. ಒಮ್ಮೆ ಅತಿಯಾಗಿದ್ದ ಮಣ್ಣು ಈಗ ಸಾಲದಾಗಿದೆ. ಅಷ್ಟೇ ಅಲ್ಲ, ಹಳೆಯ ಕೆಸರನ್ನು ಕದಡುವಾಗ ಅದರೊಳಗಿನ ಪಾದರಸ ಎಚ್ಚರಗೊಳ್ಳದಂತೆ ನೋಡಿಕೊಳ್ಳಬೇಕಾಗಿದೆ. ಮೇಲ್ಗಡೆ ಯೂಬಾದ ದಡಗಳಲ್ಲಿ ಉಳಿದಿರುವ ಮಣ್ಣಿನಿಂದ, ದೊಡ್ಡ ಪ್ರವಾಹ ಬಂದಾಗಲೆಲ್ಲ, ಇನ್ನೂ ಸಾವಿರಾರು ವರ್ಷ ಪಾದರಸ ಕೆಳಗೆ ಇಳಿಯುತ್ತಿರಬಹುದೆಂದು 2013ರಲ್ಲಿ ಪ್ರಕಟವಾದ ಮೈಕೆಲ್ ಸಿಂಗರ್ ಮತ್ತು ಸಂಗಡಿಗರ ಅಧ್ಯಯನ ಹೇಳುತ್ತದೆ.

ನಿಲ್ಲಿಸುವುದು ಮತ್ತು ಸರಿಪಡಿಸುವುದು

ಈ ಚರಿತ್ರೆಯಿಂದ ನಾವು ತಿಳಿಯಬೇಕಾದದ್ದೇನು? ಕೆಡುಕನ್ನು ನಿಲ್ಲಿಸುವುದು ಒಂದು ಕಾರ್ಯ. ಅದರ ಪರಿಣಾಮವನ್ನು ಸರಿಪಡಿಸುವುದು ಬೇರೊಂದು ಕಾರ್ಯ. ಮೊದಲನೆಯದು ಒಂದು ತೀರ್ಪಿನಿಂದ, ಒಂದು ದಿನದಲ್ಲಿ ಆಗಬಹುದು. ಎರಡನೆಯದಕ್ಕೆ ತಲೆಮಾರುಗಳು ಬೇಕು. ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ, ಗಣಿಯೋ ಕಾರ್ಖಾನೆಯೋ ಮುಚ್ಚಿದ ದಿನ ನಾವು ಸಮಾಧಾನದ ಉಸಿರು ಬಿಟ್ಟು ಮರೆತುಬಿಡುತ್ತೇವೆ.

ಹಾಗೆಂದು ಸಾಯರ್ ಅವರ ತೀರ್ಪು ವ್ಯರ್ಥವಾಯಿತೆಂದು ಹೇಳುವುದು ಸಲ್ಲದು. ಗಣಿಗಳು ಇನ್ನೂ ಮೂವತ್ತು ವರ್ಷ ಹಾಗೆಯೇ ನಡೆದಿದ್ದರೆ ಅಲೆ ಇನ್ನಷ್ಟು ಎತ್ತರವಾಗುತ್ತಿತ್ತು. ಅದು ಕಳೆಯಲು ಇನ್ನಷ್ಟು ಕಾಲ ಬೇಕಾಗುತ್ತಿತ್ತು. ತಡವಾಗಿ ನಿಲ್ಲಿಸಿದರೂ ನಿಲ್ಲಿಸಿದ್ದಕ್ಕೆ ಬೆಲೆಯಿದೆ. ಆದರೆ ಒಂದೊಂದು ವರ್ಷದ ವಿಳಂಬಕ್ಕೂ ಹುಟ್ಟಲಿರುವವರು ಬಡ್ಡಿ ಕಟ್ಟುತ್ತಾರೆ ಎಂಬುದನ್ನು ಆ ನದಿ ತೋರಿಸಿಕೊಟ್ಟಿದೆ.

ಇಂದು ಆ ಕೊಲ್ಲಿಯ ದಡದಲ್ಲಿ ಕೆಸರನ್ನು ಪರೀಕ್ಷಿಸುವವರೂ, ಜವುಗನ್ನು ಬದುಕಿಸುವವರೂ ಆ ಹಳೆಯ ತಪ್ಪನ್ನು ಮಾಡಿದವರಲ್ಲ. ಆದರೂ ಅದರ ಭಾರವನ್ನು ಹೆಗಲಿಗೆ ತೆಗೆದುಕೊಂಡಿದ್ದಾರೆ, ತಮ್ಮ ಜೀವಮಾನದಲ್ಲಿ ಮುಗಿಯದ ಕೆಲಸವೆಂದು ತಿಳಿದೂ ಮಾಡುತ್ತಿದ್ದಾರೆ. ನೆರೆಹೊರೆ ಎಂದರೆ ಪಕ್ಕದ ಮನೆಯವರು ಮಾತ್ರವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನದಿಯ ಲೆಕ್ಕದಲ್ಲಿ ನಮಗಿಂತ ಕೆಳಗಿನ ಊರಿನವರೂ ನೆರೆಯವರೇ. ಅವರ ಮಕ್ಕಳ ಮಕ್ಕಳೂ ನೆರೆಯವರೇ. ನಮ್ಮ ಮನೆಯ ಬಚ್ಚಲಿನಿಂದ, ಹೊಲದಿಂದ, ಕಾರ್ಖಾನೆಯಿಂದ ಹೊರಟ ನೀರು ಕಣ್ಮರೆಯಾದೊಡನೆ ನಮ್ಮ ಹೊಣೆ ಮುಗಿಯಿತೆಂದು ಯಾರೂ ಭಾವಿಸಬಾರದು. ಅದು ಎಲ್ಲಿ ತಂಗುತ್ತದೆ, ಯಾರ ತಟ್ಟೆಗೆ ಬರುತ್ತದೆ ಎಂದು ಸುರಿಯುವ ಮೊದಲೇ ಕೇಳಿಕೊಳ್ಳುವುದು ನಮ್ಮ ಕರ್ತವ್ಯ.